18 ಜನರಲ್ಲಿ ಕಂಡದ್ದು, 163 ಜನರಲ್ಲಿ ಕಾಣದ್ದು: ಪಾರ್ಶ್ವವಾಯುವಿಗೆ ಎಸ್‌ಬಿ623 ಕೋಶಚಿಕಿತ್ಸೆ – ಒಂದು ಪ್ರಕರಣ ಅಧ್ಯಯನ

2016ರ ಜೂನ್ ಆರಂಭದಲ್ಲಿ 'ಸ್ಟ್ರೋಕ್' ಎಂಬ ವೈದ್ಯಕೀಯ ನಿಯತಕಾಲಿಕೆಯಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರಶಸ್ತ್ರಚಿಕಿತ್ಸಕ ಗ್ಯಾರಿ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳ ಪ್ರಬಂಧವೊಂದು ಪ್ರಕಟವಾಯಿತು. ಪಾರ್ಶ್ವವಾಯುವಿಗೆ ತುತ್ತಾಗಿ ಆರು ತಿಂಗಳಿಂದ ಐದು ವರ್ಷದವರೆಗೆ ಕಳೆದಿದ್ದ 18 ಜನರ ಮಿದುಳಿಗೆ, ಬೇರೆಯವರ ಅಸ್ಥಿಮಜ್ಜೆಯಿಂದ ಬೆಳೆಸಿದ 'ಎಸ್‌ಬಿ623' ಎಂಬ ಕೋಶಗಳನ್ನು ಸೂಜಿಯ ಮೂಲಕ ಸೇರಿಸಿ, ಒಂದು ವರ್ಷ ಅವರನ್ನು ಗಮನಿಸಿದ ವರದಿ ಅದು. ಕೈಕಾಲುಗಳ ಚಲನೆ ಸರಾಸರಿಯಲ್ಲಿ ಗಮನಾರ್ಹವಾಗಿ ಸುಧಾರಿಸಿತ್ತು. ಎರಡೂವರೆ ವರ್ಷ ಕಳೆದು, 2019ರ ಜನವರಿ ಕೊನೆಯಲ್ಲಿ, ಅದೇ ಕೋಶವನ್ನು 163 ಜನರ ಮೇಲೆ ನಡೆಸಿದ ಪರೀಕ್ಷೆ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು ಅದನ್ನು ತಯಾರಿಸಿದ ಕಂಪನಿಯೇ ಪ್ರಕಟಿಸಿತು. ಕೋಶ ಬದಲಾಗಿರಲಿಲ್ಲ, ಅದನ್ನು ಸೇರಿಸುವ ವಿಧಾನವೂ ಬಹುಮಟ್ಟಿಗೆ ಅದೇ ಆಗಿತ್ತು. ಎರಡನೆಯ ಪರೀಕ್ಷೆಯಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಕೋಶ ಪಡೆಯದ, ಆದರೆ ಪಡೆದಿದ್ದೇವೆಂದೇ ಭಾವಿಸಬಹುದಾಗಿದ್ದ ಒಂದು ಗುಂಪು. ಈ ಪ್ರಕರಣವನ್ನು ಬಿಡಿಸಿ ನೋಡಲು ಆ ಗುಂಪಿಗಿಂತ ಒಳ್ಳೆಯ ಜಾಗ ಇಲ್ಲವೆಂದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ಕೊಳವೆ ತೂರಿಸಿ ಹೊರಗೆಳೆಯುವ ಚಿಕಿತ್ಸೆಯನ್ನು, ಆಯ್ದ ರೋಗಿಗಳಲ್ಲಿ, 24 ಗಂಟೆಯವರೆಗೂ ಮಾಡುತ್ತಾರೆ. ಆ ಅವಧಿ ಮೀರಿದವರಿಗೆ ಉಳಿಯುವುದು ಮುಖ್ಯವಾಗಿ ಮತ್ತೊಮ್ಮೆ ಪಾರ್ಶ್ವವಾಯು ಆಗದಂತೆ ತಡೆಯುವ ಮಾತ್ರೆಗಳು ಮತ್ತು ಫಿಸಿಯೋಥೆರಪಿ. ತಾನಾಗಿ ಆಗುವ ಚೇತರಿಕೆಯ ಬಹುಪಾಲು ಮೊದಲ ಮೂರರಿಂದ ಆರು ತಿಂಗಳಲ್ಲೇ ಆಗಿಬಿಡುತ್ತದೆ. ಲಕ್ವ ಹೊಡೆದ ಮನೆಗಳಲ್ಲಿ 'ಇನ್ನು ಇಷ್ಟೇ' ಎಂಬ ಮಾತು ಕೇಳಿಬರುವುದು ಸಾಮಾನ್ಯವಾಗಿ ಆ ಹೊತ್ತಿಗೆ. ಕೋಶಚಿಕಿತ್ಸೆಯ ಸಂಶೋಧನೆ ಎರಡು ದಾರಿ ಹಿಡಿದಿದೆ: ಮೊದಲ ಒಂದೆರಡು ದಿನಗಳಲ್ಲೇ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟು ಉರಿಯೂತವನ್ನು ತಗ್ಗಿಸುವುದು ಒಂದು, ತಿಂಗಳು ವರ್ಷಗಳು ಕಳೆದ ಮೇಲೆ ನೇರವಾಗಿ ಮಿದುಳಿಗೇ ಸೇರಿಸಿ ಉಳಿದಿರುವ ನರಜಾಲವನ್ನು ಚುರುಕುಗೊಳಿಸುವುದು ಇನ್ನೊಂದು. ಎಸ್‌ಬಿ623 ಎರಡನೆಯ ದಾರಿಯದು.

ಆ ದಾರಿಯಲ್ಲಿ ಅದು ಮೊದಲನೆಯದೇನಲ್ಲ. 1998ರಲ್ಲೇ ಪಿಟ್ಸ್‌ಬರ್ಗ್‌ನಲ್ಲಿ ಡಗ್ಲಸ್ ಕಾಂಡ್ಜಿಯೋಲ್ಕಾ ಅವರ ತಂಡ, ಗೆಡ್ಡೆಯೊಂದರ ಕೋಶಗಳನ್ನು ಪ್ರಯೋಗಾಲಯದಲ್ಲಿ ನರಕೋಶಗಳನ್ನಾಗಿ ಬದಲಿಸಿ, ಪಾರ್ಶ್ವವಾಯು ರೋಗಿಗಳ ಮಿದುಳಿಗೆ ಸೇರಿಸಲು ಆರಂಭಿಸಿತ್ತು. 12 ಜನರ ಆ ವರದಿ 2000ರಲ್ಲಿ ಹೊರಬಂತು. ಆಗಿನ ಕಲ್ಪನೆ ನೇರವಾಗಿತ್ತು: ಸತ್ತ ನರಕೋಶದ ಜಾಗಕ್ಕೆ ಹೊಸ ನರಕೋಶ ಬರಬೇಕು. ಜಪಾನಿನಲ್ಲಿ ಮಾರಿ ದೆಜಾವಾ ಅವರ ಗುಂಪು 2004ರಲ್ಲಿ, ಅಸ್ಥಿಮಜ್ಜೆಯ ಆಧಾರಕೋಶಗಳಿಗೆ ನಾಚ್ ಎಂಬ ಪ್ರೋಟೀನಿನ ಒಳತುಂಡಿನ ಜೀನನ್ನು ಸೇರಿಸಿದರೆ ಅವು ನರಕೋಶಗಳಂತೆ ವರ್ತಿಸಬಲ್ಲವೆಂದು ತೋರಿಸಿದಾಗಲೂ ಗುರಿ ಅದೇ ಆಗಿತ್ತು. ಈ ಕೆಲಸದ ಮೇಲೆ ನಿಂತದ್ದು ಕ್ಯಾಲಿಫೋರ್ನಿಯಾದಲ್ಲಿ ಜಪಾನಿ ಉದ್ಯಮಿಗಳು ಸ್ಥಾಪಿಸಿದ ಸ್ಯಾನ್‌ಬಯೋ ಕಂಪನಿ, ಮತ್ತು ಅದರ ಕೋಶವೇ ಎಸ್‌ಬಿ623.

ಇಲ್ಲಿ ಒಂದು ವಿಷಯವನ್ನು ಗಮನದಲ್ಲಿಡಬೇಕು. ಆ ಜೀನು ಕೋಶದೊಳಗೆ ಶಾಶ್ವತವಾಗಿ ಕೂರುವುದಿಲ್ಲ. ಕೋಶಗಳು ವಿಭಜನೆಯಾಗುತ್ತ ಹೋದಂತೆ ಕಳೆದುಹೋಗುತ್ತದೆ. ಇಲಿಗಳ ಮಿದುಳಿಗೆ ಸೇರಿಸಿದ ಕೋಶಗಳು ಒಂದೆರಡು ತಿಂಗಳೊಳಗೆ ಕಾಣೆಯಾಗುತ್ತಿದ್ದವು, ಆದರೆ ಪ್ರಾಣಿಗಳ ಸುಧಾರಣೆ ಉಳಿಯುತ್ತಿತ್ತು. ಹಾಗಾಗಿ ವಿವರಣೆಯೇ ಬದಲಾಯಿತು. ಕೋಶಗಳು ನರಕೋಶಗಳಾಗುವುದಿಲ್ಲ, ಅವು ಸ್ರವಿಸುವ ಬೆಳವಣಿಗೆಯ ಅಂಶಗಳು ಸುತ್ತಲಿನ ಅಂಗಾಂಶದಲ್ಲಿ ಹೊಸ ರಕ್ತನಾಳ, ಹೊಸ ನರಸಂಪರ್ಕ ಮೂಡಲು ನೆರವಾಗುತ್ತವೆ ಎಂಬ ಮಾತು ಮುಂದೆ ಬಂತು. ವೈಜ್ಞಾನಿಕವಾಗಿ ಇದರಲ್ಲಿ ತಪ್ಪೇನಿಲ್ಲ. ಪುರಾವೆ ಬಂದಂತೆ ವಿವರಣೆ ಬದಲಾಗಲೇಬೇಕು. ಆದರೆ ಬಿತ್ತನೆ ಮಾಡಿದ ಪೈರು ಬೇರು ಬಿಡದೆ ಒಣಗಿದರೂ ಹೊಲಕ್ಕೆ ಗೊಬ್ಬರವಾಯಿತು ಎಂದು ಹೇಳುವಾಗ, ಆ ಗೊಬ್ಬರದ ಫಲವನ್ನು ಬೇರೆಯಾಗಿ ಅಳೆದು ತೋರಿಸುವ ಹೊಣೆ ಹೇಳುವವರ ಮೇಲೆಯೇ ಹೆಚ್ಚುತ್ತದೆ.

ಮೊದಲ ಪರೀಕ್ಷೆಗೆ ಆಯ್ಕೆಯಾದವರು ಸಾಧಾರಣದಿಂದ ತೀವ್ರ ಅಂಗವೈಕಲ್ಯ ಇದ್ದವರು. ಪಾರ್ಶ್ವವಾಯು ಆಗಿ ಸರಾಸರಿ 22 ತಿಂಗಳು ಕಳೆದಿತ್ತು. ಶಸ್ತ್ರಚಿಕಿತ್ಸೆ ಸ್ಟ್ಯಾನ್‌ಫರ್ಡ್ ಮತ್ತು ಪಿಟ್ಸ್‌ಬರ್ಗ್‌ನಲ್ಲಿ ನಡೆಯಿತು. ತಲೆಗೆ ಲೋಹದ ಚೌಕಟ್ಟು ಬಿಗಿದು, ಸ್ಕ್ಯಾನ್ ಚಿತ್ರದ ಮೇಲೆ ಸೂಜಿಯ ಹಾದಿಯನ್ನು ಲೆಕ್ಕ ಹಾಕಿ, ತಲೆಬುರುಡೆಯಲ್ಲಿ ಒಂದು ಸಣ್ಣ ರಂಧ್ರ ಕೊರೆಯಲಾಗುತ್ತಿತ್ತು. ರೋಗಿ ಪೂರ್ಣ ಪ್ರಜ್ಞೆ ತಪ್ಪಿರುವುದಿಲ್ಲ, ಮಂಪರಿನಲ್ಲಿರುತ್ತಾರೆ. ಸೂಜಿ ಸತ್ತ ಭಾಗದ ನಡುವಿಗೆ ಹೋಗುವುದಿಲ್ಲ, ಏಕೆಂದರೆ ಅಲ್ಲಿ ದ್ರವ ತುಂಬಿದ ಪೊಳ್ಳು ಇರುತ್ತದೆ. ಅದರ ಅಂಚಿನ ಬದುಕಿರುವ ಅಂಗಾಂಶದಲ್ಲಿ ಬೇರೆಬೇರೆ ಆಳದಲ್ಲಿ ನಿಧಾನವಾಗಿ ಕೋಶಗಳನ್ನು ಬಿಡುತ್ತಾರೆ. ಒಬ್ಬರಿಗೆ 25 ಲಕ್ಷ, 50 ಲಕ್ಷ ಅಥವಾ ಒಂದು ಕೋಟಿ ಕೋಶಗಳು. ಕೋಶಗಳು ಬೇರೆಯವರವಾದರೂ ದೇಹ ಅವುಗಳನ್ನು ತಿರಸ್ಕರಿಸದಂತೆ ತಡೆಯುವ ಔಷಧ ಕೊಡಲಿಲ್ಲ. ತಲೆನೋವು ಬಹುತೇಕರಿಗೆ ಬಂತು, ತಾನಾಗಿ ಹೋಯಿತು. ಗಂಭೀರ ತೊಂದರೆಗಳು ಕೆಲವರಲ್ಲಿ ಕಂಡವು, ಅವು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದವು. ಸುರಕ್ಷತೆಯನ್ನು ಅರಿಯಲೆಂದೇ ರೂಪಿಸಿದ ಪರೀಕ್ಷೆ ಇದು, ಮತ್ತು ಆ ಪ್ರಶ್ನೆಗೆ ಅದು ತಕ್ಕ ಉತ್ತರವನ್ನೇ ಕೊಟ್ಟಿತು.

ತೊಡಕು ಶುರುವಾದದ್ದು ಫಲದ ಅಳತೆಯಲ್ಲಿ. ಇಲ್ಲಿ ಬಳಸಿದ ಮುಖ್ಯ ಅಳತೆ ಫುಗಲ್–ಮೇಯರ್ ಅಂಕಪಟ್ಟಿ. ಚಲನೆಯ ಭಾಗಕ್ಕೆ ಒಟ್ಟು 100 ಅಂಕ, ಅದರಲ್ಲಿ 66 ಕೈಗೆ, 34 ಕಾಲಿಗೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಲಹೀನವಾದ ಕೈಯನ್ನು ಎದುರು ಬದಿಯ ಮೊಣಕಾಲಿನಿಂದ ಎತ್ತಿ ತನ್ನ ಬದಿಯ ಕಿವಿಯವರೆಗೆ ತರಲು ಹೇಳುತ್ತಾರೆ. ಭುಜ, ಮೊಣಕೈ, ಮುಂಗೈಗಳ ಒಂದೊಂದು ಚಲನೆಗೂ ಬೇರೆ ಬೇರೆ ಅಂಕ: ಆಗದಿದ್ದರೆ ಸೊನ್ನೆ, ಅರ್ಧಂಬರ್ಧ ಆದರೆ ಒಂದು, ಪೂರ್ತಿ ಆದರೆ ಎರಡು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಾಳೆಯ ಚೂರನ್ನು ಹಿಡಿಸಿ ಮೆಲ್ಲಗೆ ಎಳೆದು ನೋಡುತ್ತಾರೆ. 'ಅರ್ಧಂಬರ್ಧ' ಎಲ್ಲಿ ಮುಗಿದು 'ಪೂರ್ತಿ' ಎಲ್ಲಿ ಶುರುವಾಗುತ್ತದೆ ಎಂಬುದನ್ನು ನೋಡುವವರ ಕಣ್ಣು ತೀರ್ಮಾನಿಸುತ್ತದೆ. ಆ ದಿನ ರೋಗಿ ಎಷ್ಟು ಪ್ರಯತ್ನಪಟ್ಟರು ಎಂಬುದೂ ಸೇರಿಕೊಳ್ಳುತ್ತದೆ. ತರಬೇತಿ ಪಡೆದವರ ಕೈಯಲ್ಲಿ ಇದು ನಂಬಬಹುದಾದ ಅಳತೆಯೇ. ಆದರೂ ತಲೆಗೆ ರಂಧ್ರ ಕೊರೆಸಿಕೊಂಡು ಕಾಯುತ್ತಿರುವ ರೋಗಿ ಮತ್ತು ಅವರ ಸುಧಾರಣೆಯನ್ನು ಬಯಸುವ ತಂಡ, ಇಬ್ಬರಿಗೂ ಕೋಶ ಕೊಟ್ಟಿರುವುದು ಗೊತ್ತಿದ್ದಾಗ, ಒಂದರಿಂದ ಎರಡಕ್ಕೆ ಜಾರುವ ಅಂಕಗಳು ಇದ್ದೇ ಇರುತ್ತವೆ.

ಒಂದು ವರ್ಷಕ್ಕೆ ಚಲನೆಯ ಅಂಕ ಸರಾಸರಿ 11.4ರಷ್ಟು ಏರಿತ್ತು. ಸ್ಪರ್ಶಜ್ಞಾನ ಮುಂತಾದವುಗಳನ್ನು ಸೇರಿಸಿದ ಒಟ್ಟು ಅಂಕ 19.2ರಷ್ಟು ಏರಿತ್ತು. 18 ಜನರಲ್ಲಿ ಏಳು ಮಂದಿಯ ಸುಧಾರಣೆ ಎದ್ದು ಕಾಣುವಂಥದು, ವೀಲ್‌ಚೇರಿನಲ್ಲಿದ್ದ 71 ವರ್ಷದ ಒಬ್ಬರು ನಡೆಯುವಂತಾದರು ಎಂಬ ಸಂಗತಿ ಪತ್ರಿಕೆಗಳಲ್ಲಿ ಬಂತು. ಪ್ರಬಂಧವು ಇದು ಹೋಲಿಕೆ ಗುಂಪಿಲ್ಲದ ಸಣ್ಣ ಪರೀಕ್ಷೆಯೆಂದೂ ದೊಡ್ಡ ಪರೀಕ್ಷೆ ಬೇಕೆಂದೂ ಸ್ಪಷ್ಟವಾಗಿ ಬರೆದಿತ್ತು. ಸುದ್ದಿ ಹರಡುವಾಗ ಆ ಸಾಲು ಹಿಂದೆ ಬಿತ್ತು. ಅದಕ್ಕೆ ಪತ್ರಕರ್ತರನ್ನಷ್ಟೇ ದೂರುವುದು ಸರಿಯಲ್ಲ. ನಡೆಯಲಾಗದವರು ನಡೆದರೆಂಬ ಮಾತಿನ ಪಕ್ಕದಲ್ಲಿ ಯಾವ ಎಚ್ಚರಿಕೆಯ ವಾಕ್ಯ ತಾನೇ ನಿಂತೀತು?

ಹೋಲಿಕೆ ಗುಂಪನ್ನು ಇಡದಿರಲು ಒಂದು ತರ್ಕವಿತ್ತು, ಮತ್ತು ಅದು ದುರ್ಬಲವಾದ ತರ್ಕವಲ್ಲ. ಆರು ತಿಂಗಳ ನಂತರ ಚೇತರಿಕೆ ನಿಂತುಬಿಡುತ್ತದೆ ಎಂದಾದರೆ, ಪ್ರತಿ ರೋಗಿಯ ಹಿಂದಿನ ಸ್ಥಿತಿಯೇ ಅವರಿಗೆ ಹೋಲಿಕೆಯಾಗುತ್ತದೆ. ನಿಂತ ನೀರು ಅಲುಗಿತೆಂದರೆ ಅಲುಗಿಸಿದ್ದು ಕೋಶವೇ ಇರಬೇಕು. ಆದರೆ ನೀರು ನಿಜಕ್ಕೂ ನಿಂತಿದೆಯೇ ಎಂಬುದೇ ಪ್ರಶ್ನೆ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ನಿಕ್ ವಾರ್ಡ್ ಅವರ ತಂಡ ಮೂರು ವಾರಗಳಲ್ಲಿ 90 ಗಂಟೆಗಳ ತೀವ್ರ ಕೈ ತರಬೇತಿಯನ್ನು ನಡೆಸುತ್ತದೆ. 2019ರಲ್ಲಿ ಅವರು ಪ್ರಕಟಿಸಿದ 224 ರೋಗಿಗಳ ವರದಿಯ ಪ್ರಕಾರ, ಪಾರ್ಶ್ವವಾಯು ಆಗಿ ಒಂದೂವರೆ ವರ್ಷದ ಆಸುಪಾಸಿನಲ್ಲಿದ್ದವರ ಕೈಯ ಫುಗಲ್–ಮೇಯರ್ ಅಂಕ ಆರು ತಿಂಗಳ ನಂತರ ಒಂಬತ್ತರಷ್ಟು ಹೆಚ್ಚಿತ್ತು. ಅಲ್ಲಿಯೂ ಹೋಲಿಕೆ ಗುಂಪು ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಒಂದೂ ಕೋಶವನ್ನು ಸೇರಿಸದೆ, ರಂಧ್ರ ಕೊರೆಯದೆ, ಇಷ್ಟು ಏರಿಕೆ ಸಾಧ್ಯವೆಂದಾದರೆ 11.4 ಎಂಬ ಸಂಖ್ಯೆಯನ್ನು ಪೂರ್ತಿಯಾಗಿ ಕೋಶದ ಲೆಕ್ಕಕ್ಕೆ ಬರೆಯುವಂತಿಲ್ಲ. ಹೊಸ ಚಿಕಿತ್ಸೆ ಪಡೆದ ಹುಮ್ಮಸ್ಸಿನಲ್ಲಿ ರೋಗಿ ಮತ್ತೆ ವ್ಯಾಯಾಮ ಶುರುಮಾಡುತ್ತಾರೆ, ಮನೆಯವರು ಕೈಹಿಡಿದು ನಡೆಸುತ್ತಾರೆ, ಬಳಸದೆ ಬಿಟ್ಟಿದ್ದ ಕೈಯನ್ನು ಬಳಸುತ್ತಾರೆ. ಇವೆಲ್ಲ ನಿಜವಾದ ಸುಧಾರಣೆಗಳೇ.

ಎಂಆರ್‌ಐಯಲ್ಲಿ ಕಂಡ ಒಂದು ಗುರುತು ಇದೇ ಗೊಂದಲದ ಇನ್ನೊಂದು ಮುಖ. ಶಸ್ತ್ರಚಿಕಿತ್ಸೆಯಾಗಿ ಒಂದೆರಡು ವಾರಕ್ಕೆ ಹಲವರಲ್ಲಿ ಚಲನೆಯನ್ನು ಯೋಜಿಸುವ ಮಿದುಳಿನ ಭಾಗದಲ್ಲಿ ಬಿಳಿಯ ಮಚ್ಚೆ ಮೂಡಿ, ಮುಂದಿನ ವಾರಗಳಲ್ಲಿ ಮಾಯವಾಯಿತು. ಮಚ್ಚೆ ದೊಡ್ಡದಾಗಿದ್ದವರಲ್ಲಿ ವರ್ಷದ ಕೊನೆಯ ಚೇತರಿಕೆಯೂ ಹೆಚ್ಚಿತ್ತು. ಕೋಶಗಳು ಕೆಲಸ ಮಾಡುತ್ತಿರುವುದರ ಕುರುಹು ಅದಾಗಿರಬಹುದು. ಸೂಜಿ ಹಾದುಹೋದ ದಾರಿಯ ಸಣ್ಣ ಗಾಯಕ್ಕೆ ಮಿದುಳು ತೋರಿದ ಪ್ರತಿಕ್ರಿಯೆಯೂ ಆಗಿರಬಹುದು. ಕೋಶವಿಲ್ಲದ ಬರೀ ದ್ರವವನ್ನು ಅದೇ ಸೂಜಿಯಿಂದ ಬಿಟ್ಟು ನೋಡಿದ್ದರೆ ಮಾತ್ರ ಬೇರ್ಪಡಿಸಬಹುದಿತ್ತು. ಹಾಗೆ ಮಾಡುವುದು ನೈತಿಕವಾಗಿ ಸುಲಭವಲ್ಲ, ನಿಜ.

ಎರಡನೆಯ ಪರೀಕ್ಷೆ ಆ ನೈತಿಕ ಕಷ್ಟಕ್ಕೆ ಒಂದು ಮಧ್ಯದ ದಾರಿ ಹುಡುಕಿತು. ಅಮೆರಿಕದಲ್ಲಿ ನಡೆದ ಆ ಪರೀಕ್ಷೆಯಲ್ಲಿ 163 ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿ, ಕೆಲವರಿಗೆ 25 ಲಕ್ಷ, ಕೆಲವರಿಗೆ 50 ಲಕ್ಷ ಕೋಶ ಕೊಟ್ಟರು. ಉಳಿದವರಿಗೆ ನಕಲಿ ಶಸ್ತ್ರಚಿಕಿತ್ಸೆ. ನಕಲಿ ಎಂದರೆ ಬರೀ ನಟನೆಯಲ್ಲ. ಚೌಕಟ್ಟು ಬಿಗಿಯುತ್ತಾರೆ, ಚರ್ಮ ಸೀಳುತ್ತಾರೆ, ಬುರುಡೆಯ ಹೊರಪದರವನ್ನು ಕೊರೆಯುತ್ತಾರೆ, ಕೊರೆಯುವ ಯಂತ್ರದ ಸದ್ದು ರೋಗಿಯ ಕಿವಿಗೆ ಬೀಳುತ್ತದೆ. ಒಳಪದರವನ್ನು ಮಾತ್ರ ದಾಟುವುದಿಲ್ಲ, ಮಿದುಳನ್ನು ಮುಟ್ಟುವುದಿಲ್ಲ. ಯಾರಿಗೆ ಯಾವುದು ಆಯಿತೆಂಬುದು ರೋಗಿಗೂ ಅಂಕ ಹಾಕುವವರಿಗೂ ತಿಳಿಯದು. ಪ್ರಯೋಜನವಿಲ್ಲದ ಗಾಯವನ್ನು ಮನುಷ್ಯರಿಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ, ಇಂಥ ಪರೀಕ್ಷೆಯಿಲ್ಲದೆ ಸಾವಿರಾರು ಜನರ ಬುರುಡೆಗೆ ಪೂರ್ತಿ ರಂಧ್ರ ಕೊರೆಯುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು.

ಗೆಲುವಿನ ಗುರುತನ್ನು ಮೊದಲೇ ಬರೆದಿಡಲಾಗಿತ್ತು: ಆರು ತಿಂಗಳಿಗೆ ಚಲನೆಯ ಅಂಕದಲ್ಲಿ ಕನಿಷ್ಠ 10ರ ಏರಿಕೆ ಕಂಡವರ ಪ್ರಮಾಣ ಕೋಶ ಪಡೆದವರಲ್ಲಿ ಹೆಚ್ಚಿರಬೇಕು. ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸ ಸಿಗಲಿಲ್ಲ. ಈ ಸುದ್ದಿಗೆ ಟೋಕಿಯೊ ಷೇರುಪೇಟೆಯಲ್ಲಿ ಸ್ಯಾನ್‌ಬಯೋ ಷೇರು ನೆಲಕಚ್ಚಿತು, ಸಣ್ಣ ಕಂಪನಿಗಳ ಸೂಚ್ಯಂಕವೇ ಅದರೊಂದಿಗೆ ಕುಸಿಯಿತು; ಜಪಾನಿನ ಹೂಡಿಕೆದಾರರು ಇಂದಿಗೂ ಅದನ್ನು 'ಸ್ಯಾನ್‌ಬಯೋ ಶಾಕ್' ಎನ್ನುತ್ತಾರೆ. ಉತ್ತರ ಅಮೆರಿಕದ ಹಕ್ಕಿಗಾಗಿ ಕೈಜೋಡಿಸಿದ್ದ ಸುಮಿಟೊಮೊ ದೈನಿಪ್ಪಾನ್ ಫಾರ್ಮಾ ಅದೇ ವರ್ಷ ಹಿಂದೆ ಸರಿಯಿತು.

ಮುಂದಿನ ವರ್ಷ ಕಂಪನಿ ಅಂಕಿಅಂಶಗಳನ್ನು ಮತ್ತೆ ಜಾಲಾಡಿತು. ಮಿದುಳಿನ ಹಾನಿಯ ಗಾತ್ರ ಒಂದು ಮಿತಿಗಿಂತ ಚಿಕ್ಕದಾಗಿದ್ದ 77 ಜನರನ್ನಷ್ಟೇ ತೆಗೆದುಕೊಂಡು, ಬೇರೆ ಬೇರೆ ಅಳತೆಗಳನ್ನು ಕೂಡಿಸಿದ ಹೊಸ ಮಾನದಂಡದಿಂದ ನೋಡಿದರೆ, ಕೋಶ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ನಕಲಿ ಗುಂಪಿನಲ್ಲಿ ಐದರಲ್ಲಿ ಒಂದರಷ್ಟು ಜನ ಸುಧಾರಿಸಿದ್ದರೆಂದು ಹೇಳಿತು. ಇದು ಕುತೂಹಲಕರ ಸುಳಿವು. ಹಾನಿ ವಿಪರೀತ ದೊಡ್ಡದಾಗಿದ್ದರೆ ಕೋಶ ನೆರವಾಗಬೇಕಾದ ಅಂಗಾಂಶವೇ ಉಳಿದಿರುವುದಿಲ್ಲ ಎಂಬ ಜೈವಿಕ ಕಾರಣವೂ ಒಪ್ಪುವಂತಿದೆ. ಆದರೆ ಫಲಿತಾಂಶ ತಿಳಿದ ಮೇಲೆ ಎಳೆದ ಗೆರೆ ಅದು. ಹೊಸ ರೋಗಿಗಳಲ್ಲಿ, ಗೆರೆಯನ್ನು ಮೊದಲೇ ಎಳೆದು, ಮತ್ತೆ ನೋಡುವವರೆಗೆ ಅದನ್ನು ಪುರಾವೆ ಎನ್ನಲಾಗದು. ಇದರ ಜೊತೆಗೆ '10 ಅಂಕ ದಾಟಿದವರೆಷ್ಟು' ಎಂಬ ಮಾನದಂಡದ ಮೇಲೂ ನನಗೆ ತಕರಾರಿದೆ: ಒಂಬತ್ತು ಅಂಕ ಗಳಿಸಿದವರನ್ನೂ ಏನೂ ಗಳಿಸದವರನ್ನೂ ಅದು ಒಂದೇ ಪಕ್ಕಕ್ಕೆ ತಳ್ಳುತ್ತದೆ, ನಿಜವಾದ ಸಣ್ಣ ಫಲವಿದ್ದರೆ ಅದನ್ನು ಮಸುಕಾಗಿಸುತ್ತದೆ.

ಹೋಲಿಕೆ ಗುಂಪು ಬಂದೊಡನೆ ಫಲ ಕರಗಿದ್ದು ಈ ಒಂದೇ ಕೋಶದ ಕಥೆಯಲ್ಲ. ಭಾರತದ ಅನುಭವ ಇದಕ್ಕಿಂತ ಹಳೆಯದು. ದೆಹಲಿಯ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ಮೊದಲು 11 ಜನರ ಪೂರ್ವಭಾವಿ ಪರೀಕ್ಷೆ ನಡೆದು ಆಶಾದಾಯಕವಾಗಿ ಕಂಡಿತು. ಅನಂತರ ಐದು ಕೇಂದ್ರಗಳಲ್ಲಿ 120 ಜನರ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರಿಗೆ ಅವರದೇ ಅಸ್ಥಿಮಜ್ಜೆಯಿಂದ ಬೇರ್ಪಡಿಸಿದ ಸರಾಸರಿ 28 ಕೋಟಿ ಕೋಶಗಳನ್ನು, ಪಾರ್ಶ್ವವಾಯು ಆಗಿ ಎರಡೂವರೆ ವಾರದ ಆಸುಪಾಸಿನಲ್ಲಿ, ರಕ್ತನಾಳದ ಮೂಲಕ ಕೊಟ್ಟರು. ದಿನನಿತ್ಯದ ಕೆಲಸಗಳ ಸ್ವಾವಲಂಬನೆಯನ್ನು ಅಳೆಯುವ ಬಾರ್ಥೆಲ್ ಸೂಚ್ಯಂಕ 180ನೆಯ ದಿನ ಕೋಶ ಪಡೆದವರಲ್ಲಿ 63.1, ಪಡೆಯದವರಲ್ಲಿ 63.6. 2014ರಲ್ಲಿ 'ಸ್ಟ್ರೋಕ್' ಪತ್ರಿಕೆಯಲ್ಲೇ ಅದು ಪ್ರಕಟವಾಯಿತು. ಈ ಕ್ಷೇತ್ರದ ಶಿಸ್ತುಬದ್ಧ ಪರೀಕ್ಷೆಗಳಲ್ಲಿ ಅದೂ ಒಂದು, ನಮ್ಮಲ್ಲಿ ಅದರ ಬಗ್ಗೆ ಮಾತು ತೀರಾ ಕಡಿಮೆ. ಜಪಾನಿನ ಟ್ರೆಷರ್ ಪರೀಕ್ಷೆ ಬೇರೊಂದು ಕೋಶವನ್ನು 18ರಿಂದ 36 ಗಂಟೆಯೊಳಗೆ ರಕ್ತನಾಳಕ್ಕೆ ಕೊಟ್ಟು ನೋಡಿತು. 90ನೆಯ ದಿನ ಅತ್ಯುತ್ತಮ ಸ್ಥಿತಿ ತಲುಪಿದವರು ಕೋಶ ಪಡೆದ 104ರಲ್ಲಿ 12, ಪ್ಲಾಸಿಬೊ (ಕೋಶವಿಲ್ಲದ ನಕಲಿ ಔಷಧ) ಪಡೆದ 102ರಲ್ಲಿ 10.

ಎಸ್‌ಬಿ623 ಕಥೆ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಅಪಘಾತದಂಥ ಪೆಟ್ಟಿನಿಂದ ಮಿದುಳಿಗೆ ಹಾನಿಯಾಗಿ ಕೈಕಾಲು ಸ್ವಾಧೀನ ತಪ್ಪಿದವರಲ್ಲಿ ಅದೇ ಕೋಶವನ್ನು, ನಕಲಿ ಶಸ್ತ್ರಚಿಕಿತ್ಸೆಯ ಗುಂಪಿನೊಂದಿಗೇ, ಅಮೆರಿಕ, ಜಪಾನ್ ಮತ್ತು ಉಕ್ರೇನ್‌ಗಳಲ್ಲಿ ಪರೀಕ್ಷಿಸಲಾಗಿತ್ತು. ಕೋಶ ಪಡೆದ 46 ಜನರಲ್ಲಿ ಚಲನೆಯ ಅಂಕ ಆರು ತಿಂಗಳಿಗೆ ಸರಾಸರಿ 8.3ರಷ್ಟು, ಹೋಲಿಕೆಯ 15 ಜನರಲ್ಲಿ 2.3ರಷ್ಟು ಏರಿತು. ಇಲ್ಲಿ ಅಳೆದದ್ದು ಸರಾಸರಿ ಏರಿಕೆಯನ್ನು, ಮಿತಿ ದಾಟಿದವರ ಪ್ರಮಾಣವನ್ನಲ್ಲ ಎಂಬುದು ಗಮನಿಸತಕ್ಕದ್ದು. 15 ಜನರ ಹೋಲಿಕೆ ಗುಂಪು ಚಿಕ್ಕದು. ಇಬ್ಬರು ಮೂವರ ಅಂಕ ಅತ್ತಿತ್ತ ಆದರೂ ಸರಾಸರಿ ಅಲುಗುತ್ತದೆ. ಈ ಫಲಿತಾಂಶದ ಬಲದ ಮೇಲೆ 2024ರ ಜುಲೈ 31ರಂದು ಜಪಾನ್ ಸರ್ಕಾರ 'ಅಕೂಗೋ' ಎಂಬ ಹೆಸರಿನಲ್ಲಿ ಅದಕ್ಕೆ ಷರತ್ತುಬದ್ಧ, ಕಾಲಮಿತಿಯ ಅನುಮತಿ ಕೊಟ್ಟಿತು. ಜಪಾನಿನ ಕಾನೂನು ಪುನರುತ್ಪಾದಕ ಚಿಕಿತ್ಸೆಗಳಿಗೆ ಇಂಥ ವಿಶೇಷ ದಾರಿಯನ್ನು ತೆರೆದಿದೆ: ಸುರಕ್ಷತೆ ಸಾಬೀತಾಗಿ, ಫಲ ಸಿಗುವ ಸಂಭವ ಕಂಡರೆ ಮಾರಲು ಬಿಡುವುದು, ಏಳು ವರ್ಷ ಮೀರದ ಅವಧಿಯಲ್ಲಿ ಉಳಿದ ಪುರಾವೆಯನ್ನು ಕೇಳುವುದು. ಆ ಅನುಮತಿ ಪೆಟ್ಟಿನಿಂದಾದ ಹಾನಿಗೆ ಮಾತ್ರ, ಪಾರ್ಶ್ವವಾಯುವಿಗೆ ಅನ್ವಯಿಸುವುದಿಲ್ಲ.

ನಮ್ಮಲ್ಲಿ 'ಸ್ಟೆಮ್ ಸೆಲ್' (ಕಾಂಡಕೋಶ) ಜಾಹೀರಾತು ಹಿಡಿದು ವಿಚಾರಿಸುವ ಕುಟುಂಬಗಳಿಗೆ ಈ ವ್ಯತ್ಯಾಸ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆಗಳ ಹೊರತು ಕಾಂಡಕೋಶವನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಪರೀಕ್ಷೆಯ ಭಾಗವಾಗಿ ಮಾತ್ರ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಹಲವು ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಕ್ಕೆ ಔಷಧ ನಿಯಂತ್ರಕರ ಅನುಮತಿ ಪಡೆದಿದೆ. ಅದು ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಕಟ್ಟಿಹೋದವರಿಗೆ ಮತ್ತು ಮೊಣಕಾಲಿನ ಸವೆತಕ್ಕೆ. ಪಾರ್ಶ್ವವಾಯುವಿಗೆ ಕೋಶಚಿಕಿತ್ಸೆ ಎಂದು ಯಾರಾದರೂ ಹಣ ಕೇಳಿದರೆ ಅದು ಪರೀಕ್ಷೆಯ ಹೊರಗಿನ ವ್ಯವಹಾರವೆಂದೇ ತಿಳಿಯಬೇಕು, ಏಕೆಂದರೆ ನೋಂದಾಯಿತ ಪರೀಕ್ಷೆಯಲ್ಲಿ ಚಿಕಿತ್ಸೆಗಾಗಿ ರೋಗಿಯಿಂದ ಶುಲ್ಕ ಪಡೆಯುವಂತಿಲ್ಲ, ಹೋಲಿಕೆ ಗುಂಪಿಗೆ ಬೀಳುವ ಸಾಧ್ಯತೆಯನ್ನೂ ಸಹಿ ಹಾಕಿಸಿಕೊಳ್ಳುವ ಮೊದಲೇ ತಿಳಿಸಬೇಕು.